ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಬಂದರೆ

ಹುಬ್ಬಳ್ಳಿಯ ನಮ್ಮ ಕ್ಲಿನಿಕ್ಕಿಗೆ ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಬರುವವರಿಗೆ ಇಂಗ್ಲಿಷ್ ಬರಲಿ ಬಿಡಲಿ, ‘ನಾರ್ಮಲ್’ ಮಾತ್ರ ಚೆನ್ನಾಗಿ ಗೊತ್ತು. ಬಿ.ಪಿ. ನಾರ್ಮಲ್, ಶುಗರ್ ನಾರ್ಮಲ್, ಮಗಳ ಹೆರಿಗೆ ನಾರ್ಮಲ್. ಲ್ಯಾಬಿನ ಕಾಗದ ಮುಂದಿಟ್ಟು ಕೇಳುವುದೂ ಅದನ್ನೇ: “ಎಲ್ಲಾ ನಾರ್ಮಲ್ ಐತಲ್ರಿ ಸರ್, ಮತ್ಯಾಕ ಇಷ್ಟ್ ಸುಸ್ತಾಗ್ತೈತಿ?”

ಪದ ಒಂದೇ, ಆದರೆ ಜಾಗ ಬದಲಾದಂತೆ ಅರ್ಥವೂ ಬದಲಾಗುತ್ತದೆ. ಹೆರಿಗೆಯ ಮಾತಿನಲ್ಲಿ ಸಿಸೇರಿಯನ್ ಆಗಲಿಲ್ಲ ಎಂದಷ್ಟೇ ಅರ್ಥ. ಬಾಟಲಿಯಲ್ಲಿ ಹಚ್ಚುವ ನಾರ್ಮಲ್ ಸಲೈನ್ ಅಂದರೆ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪು ಇರುವ ನೀರು. ಅದರಲ್ಲಿ ಶಕ್ತಿ ಕೊಡುವಂಥದ್ದು ಏನೂ ಇಲ್ಲ, ಸುಸ್ತು ಅಂತ ಸುಮ್ನೆ ಹಚ್ಚಿಸಿಕೊಳ್ಳಬೇಡಿ.

ಜಾಸ್ತಿ ಗೊಂದಲ ಆಗುವುದು ರಕ್ತದ ರಿಪೋರ್ಟಿನಲ್ಲಿ. ನಿಮ್ಮ ಅಂಕಿಯ ಪಕ್ಕದಲ್ಲಿ ‘ಇಷ್ಟರಿಂದ ಇಷ್ಟು’ ಅಂತ ಇರುತ್ತದಲ್ಲ, ಬಹಳಷ್ಟು ಪರೀಕ್ಷೆಗಳಲ್ಲಿ ಅದನ್ನು ಗೊತ್ತುಮಾಡುವುದು ಹೀಗೆ: ಆರೋಗ್ಯವಾಗಿರುವ ಒಂದಷ್ಟು ಜನರ ರಕ್ತ ಪರೀಕ್ಷಿಸುತ್ತಾರೆ. ಅಂಕಿಗಳನ್ನು ಸಾಲಾಗಿ ಜೋಡಿಸಿ, ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪ ಬಿಟ್ಟು, ನಡುವಿನ ಶೇ. 95 ಭಾಗವನ್ನು ನಾರ್ಮಲ್ ಅನ್ನುತ್ತಾರೆ. ಅಂದರೆ ಏನೂ ಕಾಯಿಲೆ ಇಲ್ಲದ 20 ಜನರಲ್ಲೂ ಒಬ್ಬರು ಈ ಗೆರೆಯ ಹೊರಗಿರುತ್ತಾರೆ. ಪ್ಯಾಕೇಜ್ ಅಂತ ಒಂದೇ ಸಲ 20 ಪರೀಕ್ಷೆ ಮಾಡಿಸಿದರೆ, ಒಂದಾದರೂ ದಪ್ಪ ಅಕ್ಷರದಲ್ಲಿ ಬರುವ ಸಾಧ್ಯತೆಯೇ ಜಾಸ್ತಿ. ಆ ಒಂದು ಅಂಕಿ ನೋಡಿ ರಾತ್ರಿಯಿಡೀ ನಿದ್ದೆ ಕೆಡಿಸಿಕೊಂಡು ಬರುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತು ಕೇಳುತ್ತಿರುತ್ತೇನೆ: “ಹೆಣ್ಮಕ್ಕಳಿಗೆ ರಕ್ತ ಕಡಿಮಿ ಇರೋದು ನಾರ್ಮಲ್ ಅಲ್ಲೇನ್ರಿ?” ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇತ್ತು. ಅಷ್ಟು ಜನರಿಗೆ ಇದೆ ಅಂದಮಾತ್ರಕ್ಕೆ ಅದು ಸರಿಯಾಗುವುದಿಲ್ಲ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಕಾರಣ ಹುಡುಕಬೇಕು, ಚಿಕಿತ್ಸೆ ಕೊಡಬೇಕು.

ನನಗೆ ನಿಜವಾಗಿ ಹೆದರಿಕೆ ಹುಟ್ಟಿಸುವ ನಾರ್ಮಲ್ ಅಂದರೆ ಇಸಿಜಿಯದ್ದು. ಏರು ಹತ್ತುವಾಗ ಎದೆ ಹಿಡಿದಂತಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಆಮೇಲೆ ಮಲಗಿಸಿ ತೆಗೆದ ಇಸಿಜಿ ನಾರ್ಮಲ್ ಬರುತ್ತದೆ. “ಗ್ಯಾಸ್ ಇರಬೇಕ್ರಿ” ಅಂತ ಮನೆಗೆ ಹೋಗಿಬಿಡುತ್ತಾರೆ. ಆ ಇಸಿಜಿ ಹೇಳಿದ್ದು ಆ ಕೆಲವು ಸೆಕೆಂಡುಗಳ ಕಥೆ ಮಾತ್ರ. ಹೃದಯದ ರಕ್ತನಾಳ ಕಟ್ಟಿಕೊಂಡಿದ್ದರೂ ಸುಮ್ನೆ ಮಲಗಿದಾಗ ಅದು ನಾರ್ಮಲ್ ಬರಬಹುದು. ಇಂಥ ನೋವಿದ್ದರೆ ಮುಂದಿನ ಪರೀಕ್ಷೆ ಬೇಕೇ ಬೇಕು.

ಹಳೇ ರಿಪೋರ್ಟುಗಳನ್ನು ಎಸೆಯಬೇಡಿ ಅಂತ ನಾನು ಪದೇ ಪದೇ ಹೇಳುವುದಕ್ಕೂ ಕಾರಣವಿದೆ. ಐವತ್ತೈದು ದಾಟಿದ ಗಂಡಸಿನ ಹಿಮೋಗ್ಲೋಬಿನ್ ಹೋದ ವರ್ಷ 15.5 ಇತ್ತು, ಈಗ 13.2 ಅಂತಿಟ್ಟುಕೊಳ್ಳಿ. ಎರಡೂ ಕಾಗದದಲ್ಲಿ ನಾರ್ಮಲ್ ಅಂತಲೇ ಇರಬಹುದು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟ ವೈದ್ಯರು ಮಾತ್ರ ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ವಿಚಾರಿಸುತ್ತಾರೆ.