ಪದ ಪರಿಚಯ: ಉಪಚುನಾವಣೆ

ಉಪನದಿ, ಉಪಕಥೆ, ಉಪನಾಯಕ. ‘ಉಪ’ ಅಂಟಿಕೊಂಡ ಪದಕ್ಕೆ ಪಂಕ್ತಿಯಲ್ಲಿ ಒಂದು ಎಲೆ ಕೆಳಗೇ ಜಾಗ. ಉಪಚುನಾವಣೆಯೂ ಹಾಗೆಯೇ ಕೇಳಿಸುತ್ತದೆ. ಸದಸ್ಯರೊಬ್ಬರು ತೀರಿಕೊಂಡರೆ, ರಾಜೀನಾಮೆ ಕೊಟ್ಟರೆ ಅಥವಾ ಅನರ್ಹರಾದರೆ ಆ ಒಂದು ಸ್ಥಾನಕ್ಕೆ, ಸದನದ ಉಳಿದ ಅವಧಿಗೆ ಮಾತ್ರ ನಡೆಯುವ ಚುನಾವಣೆ ಇದು. ಅವಧಿಗೆ ಮುನ್ನ ಇಡೀ ಸದನಕ್ಕೆ ನಡೆದರೆ ಅದು ಮಧ್ಯಂತರ ಚುನಾವಣೆ. ಮತಗಟ್ಟೆಯಲ್ಲಿ ಗದ್ದಲವಾಗಿ ಮತ್ತೆ ಓಟು ಹಾಕಿಸಿದರೆ ಮರುಮತದಾನ.

ಈ ‘ಉಪ’ ಎಷ್ಟು ತೂಗಬಲ್ಲದು ಎಂಬುದನ್ನು ಪೆಸಿಫಿಕ್ ಸಾಗರದ ತುವಾಲುವಿನಲ್ಲಿ ನೋಡಬೇಕು. ಒಟ್ಟು 26 ಚದರ ಕಿಲೋಮೀಟರು ನೆಲ, ಹನ್ನೊಂದು ಸಾವಿರದ ಆಸುಪಾಸು ಜನ. 2013ರಲ್ಲಿ ಸಂಸತ್ತಿನ ಸದಸ್ಯರು 15. ರಾಜಕೀಯ ಪಕ್ಷಗಳಿಲ್ಲ, ಆದ್ದರಿಂದ ವಿಪ್ ಇಲ್ಲ, ಬಿ ಫಾರಂಗಾಗಿ ಕಾದು ನಿಲ್ಲುವವರೂ ಇಲ್ಲ. ಎಂಟು ಜನ ಒಂದು ಕಡೆ ಕೂತರೆ ಆಗ ಅದೇ ಸರ್ಕಾರವಾಗುತ್ತಿತ್ತು.

2010ರ ಡಿಸೆಂಬರಿನಲ್ಲಿ ವಿಲ್ಲಿ ತೆಲವಿ ಹೀಗೆ ಎಂಟು ಜನರನ್ನು ಕೂಡಿಸಿಕೊಂಡೇ ಪ್ರಧಾನಿಯಾದರು. ಮರುವರ್ಷ ಜುಲೈನಲ್ಲಿ ಸಚಿವ ಇಸಾಯಾ ಇತಲೆಲಿ ತೀರಿಕೊಂಡಾಗ ಲೆಕ್ಕ ಏಳಕ್ಕೆ ಏಳು. ಆಗಸ್ಟಿನಲ್ಲೇ ನುಯಿ ದ್ವೀಪದಲ್ಲಿ ಉಪಚುನಾವಣೆ ನಡೆದು ಅವರ ಪತ್ನಿ ಪೆಲೆನಿಕೆ ಗೆದ್ದರು. ತುವಾಲು ಸಂಸತ್ತು ಕಂಡ ಎರಡನೆಯ ಮಹಿಳೆ ಅವರು. ಸರ್ಕಾರ ಉಳಿಯಿತು.

2012ರ ಡಿಸೆಂಬರಿನಲ್ಲಿ ಹಣಕಾಸು ಸಚಿವ ಲೊಟೊಆಲಾ ಮೆಟಿಯಾ ತೀರಿಕೊಂಡರು. ಮತ್ತೆ ಏಳಕ್ಕೆ ಏಳು. ಆದರೆ ಈ ಸಲ ತಿಂಗಳುಗಟ್ಟಲೆ ಚುನಾವಣೆಯ ಸುದ್ದಿಯೇ ಇಲ್ಲ. ತೆರವಾದದ್ದು ನುಕುಫೆಟಾವು ದ್ವೀಪದ ಸ್ಥಾನ. ಆ ದ್ವೀಪದ ಇನ್ನೊಬ್ಬ ಸದಸ್ಯರು ಬೇರೆ ಯಾರೂ ಅಲ್ಲ, ವಿರೋಧಿ ಬಣದ ನಾಯಕ ಎನೆಲೆ ಸೊಪೊಆಗಾ. ತಡವೇಕೆಂದು ಊಹಿಸಲು ಜೋಯಿಸರ ಬಳಿ ಹೋಗಬೇಕಿಲ್ಲ. ಕೊನೆಗೆ ಹೈಕೋರ್ಟ್ ಆದೇಶಿಸಿದ ಮೇಲೆ ಜೂನ್ 28ರಂದು ಮತದಾನ ನಡೆಯಿತು. ವಿರೋಧಿ ಬಣದ ಎಲಿಸಾಲಾ ಪಿಟಾ ಗೆದ್ದರು. ಈಗ ಎಂಟು ಆ ಕಡೆಗೆ.

ಅಷ್ಟಕ್ಕೇ ಮುಗಿಯಲಿಲ್ಲ. ಜುಲೈ 30ರಂದು ಸದನ ಸೇರಿದ ಹೊತ್ತಿಗೆ ಆರೋಗ್ಯ ಸಚಿವ ತಾವೋಮ್ ತನುಕಾಲೆ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟರು. ಇನ್ನೊಂದು ಉಪಚುನಾವಣೆ ಆಗುವವರೆಗೆ ಸದನ ಮುಂದುವರಿಯುವಂತಿಲ್ಲ ಎಂಬುದು ತೆಲವಿಯವರ ವಾದ. ಉಪಚುನಾವಣೆಯನ್ನೇ ಮುಂದೂಡುತ್ತ ಬಂದವರ ಬಾಯಲ್ಲಿ ಈ ಮಾತು! ರಾಣಿ ಎಲಿಜಬೆತ್ ಅವರ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಅದನ್ನು ಒಪ್ಪದೆ ಆಗಸ್ಟ್ 1ರಂದು ಅವರನ್ನು ಪದಚ್ಯುತಗೊಳಿಸಿದರು. ಆಗಸ್ಟ್ 4ರಂದು ಸದನದಲ್ಲಿ 8–5 ಮತಗಳಿಂದ ಸೊಪೊಆಗಾ ಪ್ರಧಾನಿಯಾದರು.

ಹೀಗಾಗಿ ಪದದ ಅರ್ಥ ಹೇಳುವಾಗ ಒಂದು ಪ್ರಶ್ನೆಯನ್ನೂ ಸೇರಿಸಬೇಕು: ದಿನ ಗೊತ್ತುಮಾಡುವವರು ಯಾರು? ಭಾರತದಲ್ಲಿ ಆ ಕೆಲಸ ಚುನಾವಣಾ ಆಯೋಗದ್ದು. ಜನಪ್ರತಿನಿಧಿ ಕಾಯ್ದೆಯ 151ಎ ಸೆಕ್ಷನ್ ಪ್ರಕಾರ ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಉಳಿದಿರುವ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಈ ಕಟ್ಟು ಇಲ್ಲ. ತುವಾಲುವಿನಲ್ಲಿ ಮೆಟಿಯಾ ಅವರ ಸ್ಥಾನ ತುಂಬಲು ಆರು ತಿಂಗಳು ಕಳೆದಿತ್ತು. ತನುಕಾಲೆ ಬಿಟ್ಟುಹೋದ ನುಯಿ ಸ್ಥಾನಕ್ಕೆ ಹೊಸ ಪ್ರಧಾನಿಯ ಕಾಲದಲ್ಲಿ, ಸೆಪ್ಟೆಂಬರಿನಲ್ಲೇ ಚುನಾವಣೆ ನಡೆಯಿತು. ಎರಡು ತಿಂಗಳೂ ಹಿಡಿಯಲಿಲ್ಲ.