ಮಳೆ ಜೋರಾದರೆ ಬಚ್ಚಲಿನಿಂದಲೇ ಕೊಳಚೆ ಉಕ್ಕುತ್ತದೆ, ತಡೆಯುವುದು ಹೇಗೆ?

ಪ್ರಶ್ನೆ: ಬೆಂಗಳೂರಿನಲ್ಲಿ 30×40 ಸೈಟಿನ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಮಹಡಿಗಳಲ್ಲಿ ಬಾಡಿಗೆಯವರಿದ್ದಾರೆ. ಜೋರು ಮಳೆ ಬಂದಾಗಲೆಲ್ಲ ನಮ್ಮ ಬಚ್ಚಲಿನ ಜಾಲರಿಯಿಂದ, ಆಮೇಲೆ ಟಾಯ್ಲೆಟ್‌ನಿಂದ ಕಪ್ಪು ನೀರು ಉಕ್ಕಿ ಹಾಲ್‌ವರೆಗೂ ಹರಿಯುತ್ತದೆ. ಎರಡು ಸಲ ಪೈಪ್ ಕ್ಲೀನ್ ಮಾಡಿಸಿದರೂ ನಿಂತಿಲ್ಲ. ಹತ್ತು ವರ್ಷದ ಹಿಂದೆ ಹೀಗಾಗುತ್ತಿರಲಿಲ್ಲ. ಏನು ಮಾಡಬೇಕು?

ಉತ್ತರ: ಮಳೆಯಲ್ಲಿ ಮಾತ್ರ ಹೀಗಾಗುತ್ತದೆ ಎಂದರೆ ನಿಮ್ಮ ಪೈಪಿನಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬ ಅನುಮಾನವನ್ನು ಸದ್ಯ ಬದಿಗಿಡಿ. ಮೊದಲು ನೋಡಬೇಕಾದದ್ದು ಮಟ್ಟ. ರಸ್ತೆಯ ಒಳಚರಂಡಿ ಕೊಳವೆ ತುಂಬಿದಾಗ ಅದರ ನೀರು ಮ್ಯಾನ್‌ಹೋಲಿನಲ್ಲಿ ಮೇಲೇರುತ್ತದೆ, ಅದಕ್ಕೆ ಜೋಡಿಸಿದ ಮನೆಗಳ ಪೈಪುಗಳಲ್ಲೂ ಅಷ್ಟೇ ಎತ್ತರಕ್ಕೆ ಏರುತ್ತದೆ. ಎಲ್ಲಿ ಎಲ್ಲಕ್ಕಿಂತ ತಗ್ಗಿನ ಬಾಯಿ ಸಿಗುತ್ತದೋ ಅಲ್ಲಿ ಹೊರಬೀಳುತ್ತದೆ. ಮ್ಯಾನ್‌ಹೋಲಿನ ಮುಚ್ಚಳ ನಿಮ್ಮ ಬಚ್ಚಲಿನ ನೆಲಕ್ಕಿಂತ ಮೇಲಿದ್ದರೆ, ರಸ್ತೆಯಲ್ಲಿ ಒಂದು ಹನಿಯೂ ಕಾಣುವ ಮುಂಚೆ ನಿಮ್ಮ ಮನೆಯಲ್ಲಿ ಕೊಳಚೆ ನಿಂತಿರುತ್ತದೆ.

ಹತ್ತು ವರ್ಷದ ಹಿಂದೆ ಏಕೆ ಇರಲಿಲ್ಲ ಎಂಬುದಕ್ಕೂ ಉತ್ತರ ಇದರಲ್ಲೇ ಇದೆ. ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೇ ಮತ್ತೆ ಮತ್ತೆ ಡಾಂಬರು ಹಾಕಿದಾಗ ರಸ್ತೆಯೂ ಮ್ಯಾನ್‌ಹೋಲೂ ಮೇಲೇರುತ್ತವೆ, ಮನೆ ಇದ್ದಲ್ಲೇ ಇರುತ್ತದೆ. ಕಟ್ಟುವಾಗ ರಸ್ತೆಗಿಂತ ಎರಡು ಅಡಿ ಎತ್ತರವಿದ್ದ ನೆಲ ಈಗ ಸಮಕ್ಕೆ ಬಂದಿರಬಹುದು. ಇದನ್ನು ಊಹಿಸಬೇಡಿ, ಅಳೆಯಿರಿ. ಗಾರೆ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಪಾರದರ್ಶಕ ಟ್ಯೂಬ್ ಇರುತ್ತದೆ. ಒಂದು ತುದಿ ಮ್ಯಾನ್‌ಹೋಲಿನ ಹತ್ತಿರ, ಇನ್ನೊಂದು ಬಚ್ಚಲಿನಲ್ಲಿ. ಎರಡೂ ಕಡೆ ನೀರಿನ ಮಟ್ಟದಿಂದ ಕೆಳಕ್ಕೆ ಎಷ್ಟು ಅಂಗುಲ ಎಂದು ಅಳೆದರೆ ವ್ಯತ್ಯಾಸ ಸಿಕ್ಕಿತು. ಮುಂದೆ ಎಷ್ಟು ಖರ್ಚು ಮಾಡಬೇಕು, ಯಾವುದಕ್ಕೆ ಮಾಡಬೇಕು ಎಂಬುದೆಲ್ಲ ಈ ಒಂದು ಅಳತೆಯ ಮೇಲೆ ನಿಂತಿದೆ.

ನೀರು ಉಕ್ಕುತ್ತಿರುವಾಗ

ಮೇಲಿನ ಮನೆಯವರಿಗೆ ಹೇಳಿ ನೀರು ಬಳಸುವುದನ್ನು ನಿಲ್ಲಿಸಿ. ಅವರು ಸುರಿಯುವ ಒಂದೊಂದು ಬಕೆಟ್ಟೂ ನಿಮ್ಮ ಬಚ್ಚಲಿನಲ್ಲೇ ಏಳುತ್ತದೆ. ಹೇಳಲು ಸಿಗದಿದ್ದರೆ ಓವರ್‌ಹೆಡ್ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿಬಿಡಿ. ಕಾಲು ಒಣ ನೆಲದ ಮೇಲಿದ್ದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಬೇರೆ, ಅದನ್ನೂ ಆಫ್ ಮಾಡಬೇಕು. ಮೇನ್ ಆಫ್ ಆದ ಕೂಡಲೇ ಅದು ತಾನಾಗಿ ಕರೆಂಟ್ ಕೊಡಲು ಶುರುಮಾಡುತ್ತದೆ, ಎಷ್ಟೋ ಮನೆಗಳಲ್ಲಿ ಬ್ಯಾಟರಿ ನೆಲದ ಮೇಲೇ ಇರುತ್ತದೆ. ನಿಂತ ನೀರಿನಲ್ಲಿ ಇಳಿದು ಪಂಪ್ ಜೋಡಿಸುವ ಸಾಹಸ ಬೇಡವೇ ಬೇಡ. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೆ ನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರು, ಒಬ್ಬ ಇನ್ನೂ ಬಾಲಕ.

ಸಂಪಿನ ಮೋಟಾರಿಗೆ ಆಟೋಮ್ಯಾಟಿಕ್ ಕಂಟ್ರೋಲರ್ ಇದ್ದರೆ ಅದನ್ನು ಮರೆಯದೆ ಬಂದ್ ಮಾಡಿ. ಸಂಪಿನ ಬಾಯಿ ನೆಲಮಟ್ಟದಲ್ಲಿದ್ದು ಕೊಳಚೆ ಒಳಗೆ ಇಳಿದರೆ, ಕರೆಂಟ್ ಬಂದ ತಕ್ಷಣ ಆ ನೀರೇ ಮೇಲಿನ ಟ್ಯಾಂಕಿಗೆ ಏರಿ ಮೂರೂ ಮನೆಗಳ ನಲ್ಲಿಗೆ ಬರುತ್ತದೆ.

ಬಾಯಿ ಮುಚ್ಚಲು ಹಳೆಯ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜಾಲರಿಯ ತೂತಿಗೆ ಒತ್ತಿ ಮೇಲೆ ಮರಳಿನ ಚೀಲ ಇಡಿ. 4 ಅಂಗುಲದ ಬಾಯಿಯಲ್ಲಿ ಒಂದು ಅಡಿ ಎತ್ತರದ ನೀರು ಮೇಲಕ್ಕೆ ತಳ್ಳುವುದು ಸುಮಾರು ಎರಡೂವರೆ ಕೆಜಿಯಷ್ಟು ಮಾತ್ರ, ಆದ್ದರಿಂದ 10 ಕೆಜಿ ಮರಳು ಧಾರಾಳ ಸಾಕು. ಆದರೆ ಒಂದು ಬಾಯಿ ಮುಚ್ಚಿದರೆ ನೀರು ಅದರ ನಂತರದ ತಗ್ಗಿನ ಬಾಯಿಗೆ ಹೋಗುತ್ತದೆ. ನೆಲಮಟ್ಟದ ಇಂಡಿಯನ್ ಟಾಯ್ಲೆಟ್, ಬಟ್ಟೆ ಒಗೆಯುವ ಜಾಗ, ವಾಷಿಂಗ್ ಮಷಿನ್ ಪೈಪು, ಎಲ್ಲವನ್ನೂ ಒಟ್ಟಿಗೆ ಮುಚ್ಚಬೇಕು.

ಇನ್ನೊಂದು ಉಪಾಯ ಹಿತ್ತಲಲ್ಲೇ ಇದೆ. ಹೊರಗಿನ ಚೇಂಬರಿನ (ಮನೆಯ ಪೈಪುಗಳು ಸೇರುವ, ಮುಚ್ಚಳವಿರುವ ಗುಂಡಿ) ಮುಚ್ಚಳ ಬಚ್ಚಲಿನ ನೆಲಕ್ಕಿಂತ ತಗ್ಗಿನಲ್ಲಿದ್ದರೆ ಅದನ್ನು ತೆರೆದಿಡಿ, ಮಕ್ಕಳು ಬೀಳದಂತೆ ಸುತ್ತ ಏನಾದರೂ ಅಡ್ಡ ಇಟ್ಟು. ಕೊಳಚೆ ಅಂಗಳಕ್ಕೆ ಹೋಗುತ್ತದೆ, ಮನೆಯೊಳಕ್ಕೆ ಬರುವುದಿಲ್ಲ. ಹಳೆಯ ಮನೆಗಳಲ್ಲಿ ಅಂಗಳ ಅರ್ಧ ಅಡಿ ತಗ್ಗಿನಲ್ಲಿರುತ್ತಿದ್ದುದರಿಂದ ಗಲ್ಲಿ ಟ್ರ್ಯಾಪಿನ (ಬಚ್ಚಲ ನೀರು ಚೇಂಬರಿಗೆ ಸೇರುವ ಮುಂಚೆ ಅಂಗಳದಲ್ಲಿರುವ ಬಾಯಿ) ಜಾಲರಿ ಈ ಕೆಲಸವನ್ನು ತಾನೇ ಮಾಡುತ್ತಿತ್ತು. ಅಂಗಳ ಎತ್ತರಿಸಿ, ಚೇಂಬರಿನ ಮೇಲೆ ಸಿಮೆಂಟ್ ಬಳಿದು ಟೈಲ್ಸ್ ಹಾಕಿಸಿದ ಮೇಲೆ ಆ ದಾರಿ ಮುಚ್ಚಿಹೋಗುತ್ತದೆ. ನಿಮ್ಮಲ್ಲೂ ಹಾಗೆ ಮಾಡಿದ್ದರೆ ಅದನ್ನು ಒಡೆದು ಎತ್ತಬಹುದಾದ ಮುಚ್ಚಳ ಹಾಕಿಸಿ. ಇಷ್ಟರಿಂದಲೇ ತೊಂದರೆ ಅರ್ಧ ಇಳಿದ ಮನೆಗಳಿವೆ.

ತಪ್ಪು ಎಲ್ಲಿ, ಯಾರಿಗೆ ಹೇಳಬೇಕು

ಕಾಂಪೌಂಡಿಗೆ ಹತ್ತಿರದ ಕೊನೆಯ ಚೇಂಬರ್ ತೆರೆದು ನೋಡಿ. ಅದು ತುಂಬಿದ್ದರೆ ತಡೆ ಅದರಾಚೆ ಇದೆ, ರಸ್ತೆಯ ಕಡೆಗೆ. ಅದು ಖಾಲಿ ಇದ್ದು ಅದರ ಹಿಂದಿನದು ತುಂಬಿದ್ದರೆ ತಡೆ ಆ ಎರಡರ ನಡುವೆ, ಅದು ನಿಮ್ಮ ಪ್ಲಂಬರ್ ಕೆಲಸ. ಒಂದೇ ಬಚ್ಚಲು ಕಟ್ಟಿಕೊಂಡು ಉಳಿದವು ಸರಾಗವಾಗಿದ್ದರೆ ಅದರ ನಹಾನಿ ಟ್ರ್ಯಾಪಿನಲ್ಲಿ (ಜಾಲರಿಯ ಕೆಳಗಿನ ಬಟ್ಟಲು) ಕೂದಲು, ಸೋಪು ತುಂಬಿದೆ ಅಷ್ಟೆ.

ರಸ್ತೆಯ ಒಳಚರಂಡಿ ಜಲಮಂಡಳಿಯದು, 1916ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ರಸ್ತೆ ಬದಿಯ ಮಳೆನೀರು ಚರಂಡಿ, ರಾಜಕಾಲುವೆ ಪಾಲಿಕೆಯದು, ಅವರಿಗೆ ಹೇಳಿದರೆ ಒಳಚರಂಡಿ ಕೆಲಸ ಆಗುವುದಿಲ್ಲ. ‘ಬ್ಲಾಕ್ ಆಗಿದೆ’ ಎಂದಷ್ಟೇ ಹೇಳಬೇಡಿ. ಯಾವ ಮ್ಯಾನ್‌ಹೋಲ್ ತುಂಬಿದೆ, ಅದರ ಮುಂದಿನದು ಹೇಗಿದೆ, ಅಕ್ಕಪಕ್ಕ ಎಷ್ಟು ಮನೆಗೆ ತೊಂದರೆಯಾಗಿದೆ ಎಂದು ಹೇಳಿದರೆ ಜೆಟ್ಟಿಂಗ್ ಗಾಡಿ (ರಭಸದ ನೀರು ಹಾಯಿಸಿ ಕೊಳವೆ ಬಿಡಿಸುವ ಗಾಡಿ) ಸರಿಯಾದ ಜಾಗಕ್ಕೆ ಬರುತ್ತದೆ.

ಯಾರನ್ನೂ ಮ್ಯಾನ್‌ಹೋಲಿಗಾಗಲಿ, ಸೆಪ್ಟಿಕ್ ಟ್ಯಾಂಕಿಗಾಗಲಿ ಇಳಿಸಬೇಡಿ. ‘ಐದು ನಿಮಿಷದ ಕೆಲಸ ಸಾರ್, ಇಳಿದು ತೆಗೆದುಬಿಡ್ತೀನಿ’ ಎಂದು ಅವರೇ ಹೇಳಿದರೂ ಒಪ್ಪಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಇಳಿದವರು ಕೂಗುವ ಮೊದಲೇ ಕುಸಿಯುತ್ತಾರೆ. ಎತ್ತಲು ಹೋದ ಎರಡನೆಯವರೂ ಹಾಗೆಯೇ ಸಾಯುತ್ತಾರೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕೆಲಸ ಹೇಳಿದ ಮನೆಯವರಿಗೂ ಇದು ಅನ್ವಯಿಸುತ್ತದೆ.

ನೀರು ಇಳಿದ ಮೇಲೆ

ಗಮ್‌ಬೂಟು, ದಪ್ಪ ರಬ್ಬರ್ ಗ್ಲೌಸ್ ಇಲ್ಲದೆ ಕೈ ಹಾಕಬೇಡಿ. ಗಾಯವಿದ್ದವರು, ಗರ್ಭಿಣಿಯರು, ಮಕ್ಕಳು ದೂರವಿರಲಿ. ಟೈಫಾಯಿಡ್, ಕಾಮಾಲೆ, ಇಲಿಜ್ವರ ಎಲ್ಲಕ್ಕೂ ಈ ನೀರು ದಾರಿ. ಎಸೆಯುವ ಮೊದಲು ಎಲ್ಲದರ ಫೋಟೋ ತೆಗೆದಿಡಿ. ಹಾಸಿಗೆ, ದಿಂಬು, ನೆನೆದ ಅಕ್ಕಿ ಬೇಳೆ ಉಳಿಸಿಕೊಳ್ಳುವ ಆಸೆ ಬೇಡ.

ಕೆಸರು ತೆಗೆಯದೆ ಬ್ಲೀಚಿಂಗ್ ಪೌಡರ್ ಎರಚಿದರೆ ಪ್ರಯೋಜನವಿಲ್ಲ, ಅದರ ಕ್ಲೋರಿನ್ ಎಲ್ಲ ಕೊಳೆಯೇ ತಿಂದುಬಿಡುತ್ತದೆ. ಮೊದಲು ಕೆಸರು ಬಳಿದು, ಸೋಪಿನ ನೀರಿನಲ್ಲಿ ಉಜ್ಜಿ ತೊಳೆಯಿರಿ. ಆಮೇಲೆ 10 ಲೀಟರ್ ನೀರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರ್ ಕಲಸಿ ನೆಲಕ್ಕೆ, ನೀರು ನಿಂತ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಗೋಡೆಗೆ ಬಳಿದು, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕಿಟಕಿಗಳು ತೆರೆದಿರಲಿ. ಪೌಡರ್ ಹೊಸದಾಗಿರಬೇಕು, ವರ್ಷದಿಂದ ಬಾಯಿ ತೆರೆದಿಟ್ಟ ಪೊಟ್ಟಣದಲ್ಲಿ ಶಕ್ತಿ ಉಳಿದಿರುವುದಿಲ್ಲ. ಅದೇ ಜಾಗಕ್ಕೆ ಆ್ಯಸಿಡ್ಡನ್ನಾಗಲಿ, ಟಾಯ್ಲೆಟ್ ಕ್ಲೀನರನ್ನಾಗಲಿ ಸುರಿಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಾಗಿಲು ಮುಚ್ಚಿದ ಬಾತ್‌ರೂಮಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ಸಂಪಿಗೆ ಕೊಳಚೆ ಇಳಿದಿದ್ದರೆ ಪೂರ್ತಿ ಖಾಲಿ ಮಾಡಿಸಿ, ಯಂತ್ರದಿಂದ ತೊಳೆಸಿ, ಮತ್ತೆ ತುಂಬಿಸಿ. ಪ್ರತಿ 1000 ಲೀಟರಿಗೆ ಸುಮಾರು 170 ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು, 6000 ಲೀಟರಿನ ಸಂಪಿಗೆ ಒಂದು ಕೆಜಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಸುರಿಯಿರಿ. ಆ ನೀರನ್ನು ಮೇಲಿನ ಟ್ಯಾಂಕಿಗೂ ಏರಿಸಿ, ಪ್ರತಿ ನಲ್ಲಿಯಲ್ಲೂ ಕ್ಲೋರಿನ್ ವಾಸನೆ ಬರುವವರೆಗೆ ಬಿಟ್ಟು, 24 ಗಂಟೆ ಹಾಗೇ ನಿಲ್ಲಿಸಿ, ನಂತರ ಎಲ್ಲ ಚೆಲ್ಲಿ. ಅಲ್ಲಿಯವರೆಗೆ ಕುಡಿಯಲು, ಅಡುಗೆಗೆ, ಹಲ್ಲುಜ್ಜಲು ಹೊರಗಿನ ನೀರು.

ಶಾಶ್ವತ ಪರಿಹಾರ

ನಿಮ್ಮಂಥ ಮನೆಗೆ ಬೇಕಾದದ್ದು ನಾನ್ ರಿಟರ್ನ್ ವಾಲ್ವ್. 110 ಎಂಎಂ ಪಿವಿಸಿಯದು ಸಿಗುತ್ತದೆ. ಒಳಗಿನ ಪಟ್ಟಿ ನೀರು ರಸ್ತೆಯ ಕಡೆ ಹೋಗುವಾಗ ತೆರೆದು, ತಿರುಗಿ ಬಂದಾಗ ಮುಚ್ಚಿಕೊಳ್ಳುತ್ತದೆ. ಮೈಮೇಲಿನ ಬಾಣದ ಗುರುತು ರಸ್ತೆಯ ಕಡೆಗಿರಬೇಕು. ಮಣ್ಣಿನಲ್ಲಿ ಹೂಳಬೇಡಿ, ಅದಕ್ಕೇ ಒಂದು ಚೇಂಬರ್ ಕಟ್ಟಿಸಿ, ವಾಲ್ವಿನ ಮುಚ್ಚಳ ಬಿಚ್ಚಲು ಕೈ ಆಡುವಷ್ಟು ಜಾಗ ಇರಲಿ.

ವಾಲ್ವ್ ಹಾಕಿಸಿದ ಮೇಲೂ ಬಚ್ಚಲು ಉಕ್ಕಿತು ಎಂಬ ದೂರು ಸಾಮಾನ್ಯ. ಕಾರಣ ಇಷ್ಟೇ: ವಾಲ್ವ್ ಮುಚ್ಚಿದಾಗ ನಿಮ್ಮ ಮನೆಯ ನೀರಿಗೂ ದಾರಿ ಇಲ್ಲ. 4 ಅಂಗುಲದ ಪೈಪು 10 ಮೀಟರ್ ಉದ್ದಕ್ಕೆ ಹಿಡಿಯುವುದು ಸುಮಾರು 80 ಲೀಟರ್. ಮೇಲಿನವರು ಇಬ್ಬರು ಸ್ನಾನ ಮಾಡಿದರೆ ಅದು ಮುಗಿಯಿತು. ಆದ್ದರಿಂದ ಕೆಳಮನೆಯ ಪೈಪು ಮಾತ್ರ ವಾಲ್ವ್ ಮೂಲಕ ಹೋಗಲಿ, ಮೇಲಿನ ಮಹಡಿಗಳ ಪೈಪನ್ನು ಬೇರೆಯಾಗಿ ತಂದು ವಾಲ್ವಿನ ಆಚೆ, ರಸ್ತೆಯ ಕಡೆ, ಜೋಡಿಸಿ. ಸ್ವಲ್ಪ ಅಗೆತ ಹೆಚ್ಚು, ಆದರೆ ಬಾಡಿಗೆ ಮನೆಗಳಿರುವ ಕಟ್ಟಡಕ್ಕೆ ಇದೊಂದೇ ಸರಿಯಾದ ಜೋಡಣೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಹೊಸ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಕೊಡಿಸಿ, ಅಂದರೆ 10 ಅಡಿಗೆ 3 ಅಂಗುಲ.

ತಾರಸಿಯ ಮಳೆನೀರು ಒಳಚರಂಡಿಯ ಚೇಂಬರಿಗೆ ಇಳಿಯುತ್ತಿದ್ದರೆ ವಾಲ್ವ್ ಹಾಕಿಸುವ ಮುಂಚೆ ಅದನ್ನು ಬಿಡಿಸಿ. 1000 ಚದರ ಅಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್. ವಾಲ್ವ್ ಮುಚ್ಚಿದ್ದಾಗ ಅಷ್ಟೂ ನೀರು ನಿಮ್ಮ ಬಚ್ಚಲಿಗೇ ಬರುತ್ತದೆ. ಬೀದಿಯ ಎಲ್ಲ ಮನೆಗಳೂ ಹೀಗೆ ಬಿಟ್ಟಿರುವುದೇ ರಸ್ತೆಯ ಕೊಳವೆ ಮಳೆಯಲ್ಲಿ ತುಂಬಲು ದೊಡ್ಡ ಕಾರಣ, ಅಕ್ಕಪಕ್ಕದವರ ಜೊತೆ ಕೂತು ಮಾತಾಡುವುದು ಒಳ್ಳೆಯದು. ಆ ನೀರು ಸಂಪಿಗೆ, ಇಂಗುಗುಂಡಿಗೆ ಹೋಗಲಿ, ಹೆಚ್ಚಾದದ್ದು ರಸ್ತೆ ಬದಿಯ ಚರಂಡಿಗೆ.

ಅಳತೆಯಲ್ಲಿ ನಿಮ್ಮ ನೆಲ ಮ್ಯಾನ್‌ಹೋಲಿಗಿಂತ ಒಂದೂವರೆ, ಎರಡು ಅಡಿ ತಗ್ಗಿನಲ್ಲಿದೆ ಎಂದು ಕಂಡರೆ ವಾಲ್ವಿನ ಪಟ್ಟಿಯೊಂದನ್ನೇ ನಂಬಬೇಡಿ. ಕೆಳಮನೆಯ ಕೊಳಚೆಯನ್ನು ಗುಂಡಿಗೆ ಬಿಟ್ಟು, ಕಟರ್ ಪಂಪಿನಿಂದ (ಗಟ್ಟಿ ಕಸವನ್ನೂ ಕತ್ತರಿಸಿ ಎತ್ತುವ ಪಂಪು) ರಸ್ತೆ ಮಟ್ಟಕ್ಕಿಂತ ಮೇಲೆ ಎತ್ತಿ ಚೇಂಬರಿಗೆ ಇಳಿಸಬೇಕಾಗುತ್ತದೆ. ಬೇಸ್‌ಮೆಂಟಿನಲ್ಲಿ ಟಾಯ್ಲೆಟ್ ಇದ್ದರಂತೂ ಬೇರೆ ದಾರಿಯೇ ಇಲ್ಲ.

ವಾಲ್ವಿನ ಪಟ್ಟಿಗೆ ಕೂದಲು, ಬಟ್ಟೆಯ ನೂಲು, ಸ್ಯಾನಿಟರಿ ಪ್ಯಾಡ್ ಸಿಕ್ಕಿದರೆ ಅದು ಅರ್ಧ ತೆರೆದೇ ಇರುತ್ತದೆ, ಮಳೆ ಬಂದ ರಾತ್ರಿಯೇ ಅದು ಗೊತ್ತಾಗುವುದು. ಮೂರು ತಿಂಗಳಿಗೊಮ್ಮೆ ಬಿಚ್ಚಿ ತೊಳೆಸಿ, ಏಪ್ರಿಲ್ ಕೊನೆಯಲ್ಲೊಮ್ಮೆ ತಪ್ಪದೆ. ಬೆಂಗಳೂರಿನಲ್ಲಿ ಮೇ ತಿಂಗಳ ಮಳೆಯೂ ಜೋರು, ಸೆಪ್ಟೆಂಬರ್, ಅಕ್ಟೋಬರಿನದೂ ಜೋರು. ರಬ್ಬರ್ ಸೀಲ್ ಗಟ್ಟಿಯಾಗಿದ್ದರೆ, ಅಂಚು ಬಿರಿದಿದ್ದರೆ ಆಗಲೇ ಬದಲಿಸಿ, ಒಂದು ಜೊತೆ ಮನೆಯಲ್ಲೂ ಇಟ್ಟುಕೊಳ್ಳಿ.