224 ಶಾಸಕರು, 4 ಸ್ಥಾನ: ಗೆಲ್ಲಲು 56 ಬೇಡ, 45 ಮತ ಸಾಕು ಏಕೆ?

ಪ್ರಶ್ನೆ: ರಾಜ್ಯಸಭೆ ಚುನಾವಣೆ ಬಂದಾಗಲೆಲ್ಲ ‘ಒಬ್ಬ ಅಭ್ಯರ್ಥಿ ಗೆಲ್ಲಲು 45 ಮತ ಬೇಕು’ ಎಂದು ಸುದ್ದಿಯಲ್ಲಿ ಹೇಳುತ್ತಾರೆ. ಕರ್ನಾಟಕದಲ್ಲಿ 224 ಶಾಸಕರಿದ್ದಾರೆ, ಸ್ಥಾನ 4. ಭಾಗಿಸಿದರೆ 56 ಬರಬೇಕಲ್ಲವೇ?

ಉತ್ತರ: ಭಾಗಿಸಬೇಕಾದ್ದು 4ರಿಂದಲ್ಲ, 5ರಿಂದ. ಸ್ಥಾನಗಳ ಸಂಖ್ಯೆಗೆ ಒಂದು ಕೂಡಿಸಿ ಭಾಗಿಸುತ್ತಾರೆ, ಬಂದದ್ದಕ್ಕೆ ಮತ್ತೆ ಒಂದು ಕೂಡಿಸುತ್ತಾರೆ. ಕೇಳಲು ತಲೆ ತಿರುಗಿದರೂ ಒಳಗಿನ ಲೆಕ್ಕ ಸರಳ. ಇಲ್ಲಿ ಗೆಲ್ಲಲು ಸಮಪಾಲು ಸಿಗಬೇಕಿಲ್ಲ, ಐದನೆಯವರು ಬಂದು ತಳ್ಳಲಾಗದಷ್ಟು ಮತ ಸಿಕ್ಕರಾಯಿತು. ನಾಲ್ವರಿಗೆ ತಲಾ 45 ಎಂದರೆ 180. ಉಳಿದ 44 ಮತ ಅಷ್ಟೂ ಒಬ್ಬರಿಗೇ ಬಿದ್ದರೂ ಅವರು 45 ಮುಟ್ಟಲಾರರು.

ಎಣಿಕೆ ಮೇಜಿನಲ್ಲಿ ಇದನ್ನು ನೂರರ ಲೆಕ್ಕದಲ್ಲಿ ಮಾಡುತ್ತಾರೆ. ಒಂದು ಮತದ ಮೌಲ್ಯ 100. ಎಲ್ಲ 224 ಮತಗಳೂ ಸಿಂಧುವಾದರೆ 22,400. ಐದರಿಂದ ಭಾಗಿಸಿದರೆ 4,480. ಒಂದು ಕೂಡಿಸಿದರೆ 4,481. 44 ಮತಗಳ ಮೌಲ್ಯ 4,400, ಸಾಲದು. ಹಾಗಾಗಿ 45.

ಈ ನೂರರ ಗೊಡವೆ ಏಕೆಂದರೆ, ಶಾಸಕರು ಹಾಕುವುದು ಪ್ರಾಶಸ್ತ್ಯದ ಮತ. ಮೊದಲ ಆಯ್ಕೆಯ ಹೆಸರಿನ ಮುಂದೆ 1 ಎಂದು ಬರೆಯಲೇಬೇಕು. 2, 3 ಎಂದು ಮುಂದುವರಿಸುವುದು ಅವರವರ ಇಷ್ಟ. ಒಬ್ಬರಿಗೆ 50 ಮೊದಲ ಪ್ರಾಶಸ್ತ್ಯದ ಮತ ಬಂದಿವೆ ಎನ್ನಿ. ಮೌಲ್ಯ 5,000, ಬೇಕಾದ್ದು 4,481, ಹೆಚ್ಚುವರಿ 519. ಆ 50 ಮತಪತ್ರಗಳಲ್ಲೂ ಎರಡನೇ ಪ್ರಾಶಸ್ತ್ಯ ಇದ್ದರೆ ಈ 519ನ್ನು 50ಕ್ಕೆ ಹಂಚುತ್ತಾರೆ. ಭಿನ್ನರಾಶಿ ಕೈಬಿಟ್ಟು, ಪ್ರತಿ ಮತಪತ್ರವೂ ಎರಡನೆಯವರಿಗೆ 10 ಒಯ್ಯುತ್ತದೆ. ಐದು ಮತ ಹೆಚ್ಚು ಬಿದ್ದದ್ದಕ್ಕೆ ಎರಡನೆಯವರಿಗೆ ಸಿಕ್ಕಿದ್ದು ಬರೀ 500, ಅಂದರೆ ಐದೇ ಮತದಷ್ಟು. ಹೆಚ್ಚುವರಿ ಇನ್ನೂ ತೀರಾ ಕಡಿಮೆಯಿದ್ದರೆ ಹಂಚಿದಾಗ ಸೊನ್ನೆ. ಇಷ್ಟಾದರೂ ಸ್ಥಾನ ಉಳಿದರೆ ಕಡೆಯಲ್ಲಿರುವವರನ್ನು ಕಣದಿಂದ ತೆಗೆದು ಅವರ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯದವರಿಗೆ ಕೊಡುತ್ತಾರೆ.

ಮತ ಹಾಕುವವರು ವಿಧಾನಸಭೆಯ ಚುನಾಯಿತ ಸದಸ್ಯರು ಮಾತ್ರ; ಸಂವಿಧಾನದ 80ನೇ ವಿಧಿಯಲ್ಲೇ ಹಾಗಿದೆ. ವಿಧಾನ ಪರಿಷತ್ತಿನವರಿಗೆ ಇಲ್ಲಿ ಮತವಿಲ್ಲ. ಕರ್ನಾಟಕದ ಪಾಲು 12 ಸ್ಥಾನ, ಅವಧಿ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ. ಅದಕ್ಕೇ ಸಾಮಾನ್ಯವಾಗಿ ಒಮ್ಮೆಗೆ ನಾಲ್ಕು. 2020ರಲ್ಲಿ ನಾಲ್ಕು ಸ್ಥಾನಕ್ಕೆ ನಾಲ್ವರೇ ಉಳಿದು, ಎಚ್.ಡಿ. ದೇವೇಗೌಡ ಮತ್ತು ಮಲ್ಲಿಕಾರ್ಜುನ ಖರ್ಗೆ ಸೇರಿ ಎಲ್ಲರೂ ಅವಿರೋಧವಾಗಿ ಆಯ್ಕೆಯಾದರು.

ಲೆಕ್ಕ ಕಣ್ಣಿಗೆ ಕಾಣಬೇಕೆಂದರೆ 2024ರ ಫೆಬ್ರುವರಿ 27ನ್ನು ನೋಡಬೇಕು. ನಾಲ್ಕು ಸ್ಥಾನ, ಐವರು ಕಣದಲ್ಲಿ. ಅದಕ್ಕೆ ಎರಡು ದಿನ ಮುಂಚೆ ಸುರಪುರದ ಕಾಂಗ್ರೆಸ್ ಶಾಸಕ ರಾಜಾ ವೆಂಕಟಪ್ಪ ನಾಯಕ ತೀರಿಕೊಂಡಿದ್ದರು. ಕಾಂಗ್ರೆಸ್ ಬಲ 135ರಿಂದ 134ಕ್ಕೆ ಇಳಿದಿತ್ತು. ಮೂವರು ಗೆಲ್ಲಲು ಬೇಕಾದ್ದು ಸರಿಯಾಗಿ 135! ಒಂದು ಮತದ ಕೊರತೆ. ಆದರೆ ಪಕ್ಷೇತರರು, ಸಣ್ಣ ಪಕ್ಷದವರು ಸೇರಿ ಇನ್ನೂ ನಾಲ್ವರಿದ್ದರು. ಆ ದಿನ ಅವರಿಗಿದ್ದ ಬೆಲೆ ಊಹಿಸಿಕೊಳ್ಳಿ. ಅತ್ತ ಬಿಜೆಪಿಯ 66, ಜೆಡಿಎಸ್‌ನ 19 ಸೇರಿ 85. ಒಬ್ಬರಿಗೆ 45 ಕೊಟ್ಟರೆ ಉಳಿಯುವುದು 40, ಎರಡನೆಯವರಿಗೆ ಐದು ಕಡಿಮೆ.

ಕಡೆಗೆ ಅಜಯ್ ಮಾಕನ್ 47, ಸೈಯದ್ ನಾಸೀರ್ ಹುಸೇನ್ 47, ಜಿ.ಸಿ. ಚಂದ್ರಶೇಖರ್ 45, ಬಿಜೆಪಿಯ ನಾರಾಯಣಸಾ ಭಾಂಡಗೆ 47. ಜೆಡಿಎಸ್‌ನ ಕುಪೇಂದ್ರ ರೆಡ್ಡಿ 36ಕ್ಕೆ ನಿಂತರು. ಕಾಂಗ್ರೆಸ್‌ನ ಮೂವರದ್ದು ಕೂಡಿಸಿ: 139. ತಮ್ಮ 134, ಇತರರು 4, ಮೇಲೊಂದು. ಆ ಒಂದು ಮತ ಯಶವಂತಪುರದ ಬಿಜೆಪಿ ಶಾಸಕ ಎಸ್.ಟಿ. ಸೋಮಶೇಖರ್ ಅವರದ್ದು. ಯಲ್ಲಾಪುರದ ಶಿವರಾಂ ಹೆಬ್ಬಾರ್ ಮತದಾನಕ್ಕೇ ಬರಲಿಲ್ಲ. ಇನ್ನು 45 ಸಾಕಿದ್ದರೂ 47 ಕೊಡಿಸಿದ್ದು ಏಕೆ ಎಂದರೆ, ಒಂದೆರಡು ಮತ ಅಸಿಂಧುವಾದರೂ ತಮ್ಮವರು ದಡ ಸೇರಲಿ ಎಂಬ ಮುನ್ನೆಚ್ಚರಿಕೆ.

ಅಸಿಂಧುವಾಗುವುದೂ ಸುಲಭವೇ. ಅಂಕಿ ಬರೆಯುವ ಬದಲು ಟಿಕ್ ಹಾಕಿದರೆ ಮತ ಹೋಯಿತು. ಆಯೋಗ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲೇ ಬರೆಯಬೇಕು. 2016ರಲ್ಲಿ ಹರಿಯಾಣದಲ್ಲಿ ಬೇರೆ ಪೆನ್ನು ಬಳಸಿದ್ದರೆಂದು ಹತ್ತಕ್ಕೂ ಹೆಚ್ಚು ಮತಗಳು ತಿರಸ್ಕೃತವಾದ ಮೇಲೆ ಬಂದ ಏರ್ಪಾಡು ಅದು.

ಸೋಮಶೇಖರ್ ಅವರ ಮತ ಎಲ್ಲಿಗೆ ಹೋಯಿತೆಂದು ಗೊತ್ತಾದದ್ದು ಹೇಗೆ? ಇದು ಗುಪ್ತ ಮತದಾನವಲ್ಲ. 2003ರ ತಿದ್ದುಪಡಿಯಿಂದಾಗಿ, ಪಕ್ಷದ ಶಾಸಕರು ಮತಪತ್ರವನ್ನು ಪೆಟ್ಟಿಗೆಗೆ ಹಾಕುವ ಮೊದಲು ತಮ್ಮ ಪಕ್ಷದ ಏಜೆಂಟರಿಗೆ ತೋರಿಸಬೇಕು. ಅವರಿಗಷ್ಟೇ. 2017ರಲ್ಲಿ ಗುಜರಾತಿನ ಇಬ್ಬರು ಕಾಂಗ್ರೆಸ್ ಶಾಸಕರು ಬೇರೆಯವರಿಗೂ ತೋರಿಸಿದ್ದಕ್ಕೆ ಅವರ ಮತ ರದ್ದಾಗಿ, ಗೆಲ್ಲಲು ಬೇಕಾದ ಸಂಖ್ಯೆ 45ರಿಂದ 44ಕ್ಕೆ ಇಳಿಯಿತು. ಕಾಂಗ್ರೆಸ್ ಅಭ್ಯರ್ಥಿ ಅಹ್ಮದ್ ಪಟೇಲ್ ಗೆದ್ದದ್ದು ಸರಿಯಾಗಿ 44ರಿಂದ.

ಹಾಗಾದರೆ ಏಜೆಂಟರ ಕಣ್ಣೆದುರೇ ಎದುರಾಳಿಗೆ ಮತ ಹಾಕುವ ಧೈರ್ಯ ಹೇಗೆ ಬರುತ್ತದೆ? ರಾಜ್ಯಸಭೆ ಚುನಾವಣೆ ಸದನದ ಕಲಾಪವಲ್ಲ, ಹಾಗಾಗಿ ಪಕ್ಷಾಂತರ ನಿಷೇಧದ ಹತ್ತನೇ ಷೆಡ್ಯೂಲ್ ಇಲ್ಲಿಗೆ ಬರುವುದಿಲ್ಲ. ಪಕ್ಷ ಹೊರಗೆ ಹಾಕಬಹುದು, ಅಷ್ಟೇ. ಸೋಮಶೇಖರ್ ಮತ್ತು ಹೆಬ್ಬಾರ್ ಇಬ್ಬರನ್ನೂ ಬಿಜೆಪಿ ಉಚ್ಚಾಟಿಸಿದ್ದು 2025ರ ಮೇ ತಿಂಗಳಲ್ಲಿ, ಮತದಾನವಾಗಿ ಒಂದು ವರ್ಷದ ಮೇಲೆ. ಉಚ್ಚಾಟನೆಯಿಂದ ಶಾಸಕ ಸ್ಥಾನ ಹೋಗಲಿಲ್ಲ.